ಕವಿಯ ಅಕ್ಕ ತೀರಿಕೊಂಡಿದ್ದಾರೆ

ಜೂನ್ 3

ಪುಟ್ಟ,

ನಾನು ಕ್ಷೇಮವಾಗಿದ್ದೇನೆ. ಪ್ರತಿ ಸಲ ಸುಮ್ಮನೆ ಬರೆದುಬಿಡುವ ಈ ಮಾತನ್ನು ಈ ಸಲ ಒತ್ತಿ ಬರೆಯಬೇಕಾಗಿದೆ. ಯಾಕೆಂದು ಮುಂದೆ ಗೊತ್ತಾಗುತ್ತದೆ.

ನಿನಗೆ ತಿಳಿಸದೆ ಒಂದು ಕೆಲಸ ಮಾಡಿದೆ. ಬಿಸ್ಕತ್ತು ಕಾರ್ಖಾನೆಯಿಂದ ನಿವೃತ್ತಳಾದ ಮೇಲೆ ಮನೆಯಲ್ಲಿ ಕೂತು ನಿನ್ನ ಭಾವನ ಮುಖವನ್ನೇ ಎಷ್ಟೂಂತ ನೋಡುವುದು? ನಿಮ್ಮ ವಿಶ್ವವಿದ್ಯಾಲಯಕ್ಕೇ ಬಾಹ್ಯ ವಿದ್ಯಾರ್ಥಿಯಾಗಿ ಬಿ.ಎ.ಗೆ ಸೇರಿಕೊಂಡೆ. ಪಾಸಾದ ಮೇಲೆ ಪದವಿಪತ್ರ ಹಿಡಿದು ನಿನ್ನ ಬಾಗಿಲಿಗೆ ಬಂದು ನಿಲ್ಲಬೇಕು, ದೊಡ್ಡ ಪ್ರಾಧ್ಯಾಪಕರ ಬಾಯಿ ಕಟ್ಟಿಹೋಗಬೇಕು ಎಂದು ಆಸೆಯಿತ್ತು. ಎಲ್ಲ ವಿಷಯವೂ ಪಾಸಾಯಿತು, ಸಾಹಿತ್ಯವೊಂದು ಬಿಟ್ಟು.

ಬಿದ್ದದ್ದು ಒಂದೇ ಒಂದು ಪ್ರಶ್ನೆಯಲ್ಲಿ. “‘ಎದುರಿನ ಕುರ್ಚಿ’ ಕವಿತೆಯಲ್ಲಿ ಅಕ್ಕನ ಸಾವಿನ ದುಃಖ ಹೇಗೆ ವ್ಯಕ್ತವಾಗಿದೆ?” ಪ್ರಶ್ನೆ ನೋಡಿ ಪರೀಕ್ಷೆ ಹಾಲಿನಲ್ಲೇ ನಗು ಬಂತು. ನಿನ್ನ ಪದ್ಯ, ನಮ್ಮ ಮನೆಯ ಕುರ್ಚಿ, ಅದರಲ್ಲಿ ಕೂರುತ್ತಿದ್ದವಳು ನಾನು. ಇದಕ್ಕಿಂತ ಸುಲಭದ ಪ್ರಶ್ನೆ ಯಾರಿಗೆ ಬಂದೀತು? ಧೈರ್ಯವಾಗಿ ಬರೆದೆ. ಒಂದು ಮೇಜಿಗೆ ಎದುರುಬದುರು ಕೂತು ಅಕ್ಕ ತಮ್ಮ ಓದುತ್ತಿದ್ದರು. ಅಪ್ಪನ ಕೆಲಸ ಹೋದ ವರ್ಷ ಅಕ್ಕ ಶಾಲೆ ಬಿಟ್ಟು ಕಾರ್ಖಾನೆಗೆ ಸೇರಿದಳು. ಸಂಜೆ ಕುರ್ಚಿ ಖಾಲಿ ಇದ್ದದ್ದು ಅವಳಿಗೆ ಎರಡನೇ ಪಾಳಿ ಇದ್ದದ್ದರಿಂದ. ಕೊನೆಯ ಸಾಲಿನಲ್ಲಿ ಮೇಜಿನ ಮೇಲಿರುವ ಮುರಿದ ಬಿಸ್ಕತ್ತು ಬದುಕಿನ ಸಂಕೇತವೇನೂ ಅಲ್ಲ, ಮುರಿದದ್ದನ್ನು ಕೆಲಸದವರಿಗೆ ಮನೆಗೆ ಒಯ್ಯಲು ಬಿಡುತ್ತಿದ್ದರು. ಅಕ್ಕ ಸತ್ತಿಲ್ಲ.

ಉತ್ತರಪತ್ರಿಕೆಯ ನಕಲು ತರಿಸಿದೆ. ಕೆಂಪು ಶಾಯಿಯಲ್ಲಿ ಸೊನ್ನೆ. ಪಕ್ಕದಲ್ಲಿ, “ಪ್ರಶ್ನೆಯೇ ಅರ್ಥವಾಗಿಲ್ಲ. ಕವಿಯ ಅಕ್ಕ ತೀರಿಕೊಂಡಿದ್ದಾರೆ.”

ನಿನ್ನ ಭಾವ ಅದನ್ನು ಓದಿ, “ಹಾಗಾದ್ರೆ ಬೆಳಿಗ್ಗೆಯಿಂದ ನನ್ನ ಬೈತಾ ಇರೋದು ಯಾರು?” ಎಂದರು.

ನೀನು ಪರೀಕ್ಷಾ ಮಂಡಳಿಯ ಅಧ್ಯಕ್ಷ. ಏನು ಮಾಡಬೇಕು ಹೇಳು. ಫೋನ್ ಮಾಡಬೇಡ, ಯಂತ್ರದ ಸದ್ದಿಗೆ ಹೋದ ಕಿವಿ ಇದು, ಫೋನಿನಲ್ಲಿ ಗುಂಯ್ ಎನ್ನುವುದು ಬಿಟ್ಟು ಬೇರೇನೂ ಕೇಳಿಸುವುದಿಲ್ಲ. ಬರೆ.

ನಿನ್ನ ಅಕ್ಕ


ಜೂನ್ 19

ಅಕ್ಕ,

ನಿನ್ನ ಪತ್ರ ಓದಿ ಮೊದಲು ಹೆಮ್ಮೆಯಾಯಿತು, ಆಮೇಲೆ ನಗು ಬಂತು, ಆಮೇಲೆ ಬೇಸರವಾಯಿತು. ಈ ವಯಸ್ಸಿನಲ್ಲಿ ಪುಸ್ತಕ ಹಿಡಿದದ್ದೇ ದೊಡ್ಡದು. ಒಂದು ವಿಷಯ ಹೋದರೆ ಮನಸ್ಸಿಗೆ ಹಚ್ಚಿಕೊಳ್ಳಬೇಡ.

ಕವಿತೆಯೊಳಗಿನ ಅಕ್ಕ ಬೇರೆ, ನೀನು ಬೇರೆ. ಮೊದಲ ವರ್ಷದ ತರಗತಿಯಲ್ಲಿ ನಾನು ಹೇಳುವ ಮೊದಲ ಮಾತೇ ಇದು. ನೋಡು, ಆ ಕವಿತೆಯಲ್ಲಿ ಸಾವು ಎಂಬ ಶಬ್ದವೇ ಇಲ್ಲ. ನನ್ನ ಮೊದಲ ಸಂಕಲನಕ್ಕೆ ಮುನ್ನುಡಿ ಬರೆದ ಹಿರಿಯರು ‘ಅಗಲಿದ ಅಕ್ಕ’ ಎಂದು ಬರೆದರು. ಓದುಗರು ಹಾಗೇ ಓದಿಕೊಂಡರು. ಓದುಗರ ಓದನ್ನು ಕವಿ ತಿದ್ದಲು ಹೋಗಬಾರದು.

ಅಧ್ಯಕ್ಷನಾಗಿ ನಾನು ಯಾರ ಉತ್ತರಪತ್ರಿಕೆಯನ್ನೂ ಮುಟ್ಟುವಂತಿಲ್ಲ. ನಿನಗೆ ಅರ್ಥವಾಗುತ್ತದೆ. ಮುಂದಿನ ಸಲ ಬರೆದರಾಯಿತು.

ಸೆಪ್ಟೆಂಬರಿನಲ್ಲಿ ನಾನು ನಿವೃತ್ತನಾಗುತ್ತೇನೆ. ಕೋಣೆ ಖಾಲಿ ಮಾಡುತ್ತಿದ್ದೇನೆ, ಪುಸ್ತಕಗಳ ಹಿಂದಿನಿಂದ ಇನ್ನಷ್ಟು ಪುಸ್ತಕಗಳು ಬರುತ್ತಿವೆ. ವಿಭಾಗದ ಕಿರಿಯ ಮೇಷ್ಟರೊಬ್ಬರು ನನ್ನ ಮೇಲೆ ಅಭಿನಂದನ ಗ್ರಂಥ ತರುತ್ತಿದ್ದಾರೆ. ತುಂಬ ಶ್ರದ್ಧೆಯ ಮನುಷ್ಯ. ಈ ಪತ್ರದ ಜೊತೆ ನನ್ನ ಸಮಗ್ರ ಕವಿತೆಗಳ ಪ್ರತಿ ಕಳಿಸಿದ್ದೇನೆ. ಭಾವನಿಗೆ ನಮಸ್ಕಾರ.

ಪುಟ್ಟ


ಜೂನ್ 27

ಪುಟ್ಟ,

ಪುಸ್ತಕ ತಲುಪಿತು. ದಪ್ಪವಾಗಿದೆ. ಅಡುಗೆಮನೆಯ ಕಿಟಕಿ ಗಾಳಿಗೆ ಹೊಡೆದುಕೊಳ್ಳುತ್ತಿತ್ತು, ಈಗ ಹೊಡೆದುಕೊಳ್ಳುವುದಿಲ್ಲ.

ಅದನ್ನು ಅಲ್ಲಿಡುವ ಮುಂಚೆ ಹಿಂಬದಿಯ ಪರಿಚಯ ಓದಿದೆ. “ಬಾಲ್ಯದಲ್ಲೇ ಅಕ್ಕನನ್ನು ಕಳೆದುಕೊಂಡ ಕವಿ.” ಕಳೆದುಕೊಳ್ಳಲು ನಾನೇನು ಬಸ್ಸಿನಲ್ಲಿ ಬಿಟ್ಟುಬಂದ ಕೊಡೆಯೇ? ಇದು ಓದುಗರ ಓದು ಎನ್ನಬೇಡ. ಅಚ್ಚಿಗೆ ಹೋಗುವ ಮುಂಚೆ ಒಂದು ಅಲ್ಪವಿರಾಮಕ್ಕೂ ಜಗಳ ಕಾಯುವವನು ನೀನು.

ನನಗೆ ಸಮಾಧಾನ ಬೇಡ. ಪದವಿ ಬೇಕು. ಮುಂದಿನ ವರ್ಷದ ಪರೀಕ್ಷೆಯೇ ಹಳೆಯ ಪಠ್ಯಕ್ರಮಕ್ಕೆ ಕೊನೆಯದು, ಅದೂ ತಪ್ಪಿದರೆ ಮತ್ತೆ ಮೊದಲಿನಿಂದ ಶುರು ಮಾಡಬೇಕು. ಅಷ್ಟು ಪುರುಸೊತ್ತಿನ ವಯಸ್ಸು ನನ್ನದಲ್ಲ. ನೀನು ಮೇಷ್ಟರಾಗಿ, ಮುಖ್ಯಸ್ಥನಾಗಿ, ಆ ಸಭೆ ಈ ಸಭೆ ಎಂದು ಮೆರೆದೆ. ಸಂತೋಷವೇ. ನಿನ್ನ ವಿಶ್ವವಿದ್ಯಾಲಯದ ಗೇಟು ಯಾವ ದಿಕ್ಕಿಗಿದೆ ಎಂದೂ ನಾನು ಕಂಡಿಲ್ಲ. ನೀನು ಕರೆಯಲಿಲ್ಲ, ನಾನು ಕೇಳಲಿಲ್ಲ. ಈ ಸಲ ಗೇಟಿನ ಒಳಗೆ ನನ್ನ ಲೆಕ್ಕದಲ್ಲೇ ಬರಬೇಕೆಂದುಕೊಂಡೆ.

ಮರುಮೌಲ್ಯಮಾಪನಕ್ಕೆ ಅರ್ಜಿ ಹಾಕಿದ್ದೇನೆ. ಕವಿಯ ಅಕ್ಕ ಬದುಕಿದ್ದಾಳೆ ಎಂದು ಅವರಿಗೆ ಯಾರಾದರೂ ಹೇಳಬೇಕಲ್ಲ. ನಾನು ಹೇಳಿದರೆ ಸೊನ್ನೆ ಕೊಡುತ್ತಾರೆ, ಅದು ಆಗಿದೆ. ನೀನು ಹೇಳು.

ಅಕ್ಕ


ಜುಲೈ 22

ಪುಟ್ಟ,

ಉತ್ತರವಿಲ್ಲ. ಅಂಚೆಯವರು ಸತ್ತವರ ಪತ್ರ ಮುಟ್ಟಿಸುವುದಿಲ್ಲವೇನೋ ಎಂದು ನಿನ್ನ ಭಾವ ತಮಾಷೆ ಮಾಡುತ್ತಿದ್ದಾರೆ. ನಾನು ನಗುವುದನ್ನು ನಿಲ್ಲಿಸಿದ್ದೇನೆ.

ಅಕ್ಕ


ಆಗಸ್ಟ್ 6

ಅಕ್ಕ,

ನಾಲ್ಕಾರು ಸಲ ಬರೆಯಲು ಕೂತು ಎದ್ದಿದ್ದೇನೆ. ಹಿಂದಿನ ಪತ್ರದಲ್ಲಿ ಒಂದು ವಿಷಯ ಬಿಟ್ಟಿದ್ದೆ.

ಉತ್ತರಪತ್ರಿಕೆ ನೋಡುವ ದಿನಗಳಲ್ಲಿ ಮಧ್ಯಾಹ್ನ ಚಹಾಕ್ಕೆ ಎಲ್ಲರೂ ಒಂದೇ ಮೇಜಿನ ಸುತ್ತ ಸೇರುತ್ತೇವೆ. ತಮಾಷೆಯ ಉತ್ತರ ಸಿಕ್ಕರೆ ಜೋರಾಗಿ ಓದುವುದು ಅಲ್ಲಿಯ ರೂಢಿ. ಆ ದಿನ ಕಿರಿಯ ಮೇಷ್ಟರು ಎದ್ದು ನಿಂತು, “ಸಾರ್, ಇಲ್ಲೊಬ್ರು ನಿಮ್ಮ ಅಕ್ಕನ್ನ ಎಬ್ಬಿಸಿ ಕಾರ್ಖಾನೆಗೆ ಕಳ್ಸಿಬಿಟ್ಟಿದಾರೆ, ಅದೂ ಎರಡನೇ ಪಾಳಿಗೆ!” ಎಂದರು. ಎಲ್ಲರೂ ನಕ್ಕರು. ಆಮೇಲೆ ನನಗೆ ನೋವಾಯಿತೇನೋ ಎಂದು ನನ್ನ ಮುಖ ನೋಡಿದರು. ನಾನೂ ನಕ್ಕೆ.

ಪತ್ರಿಕೆಗಳ ಮೇಲೆ ಹೆಸರಿರುವುದಿಲ್ಲ, ನೀನು ಪರೀಕ್ಷೆ ಕಟ್ಟಿದ್ದು ನನಗೆ ಗೊತ್ತಿರಲಿಲ್ಲ. ಆದರೆ ಎರಡನೇ ಪಾಳಿಯ ಮಾತು ನಿನ್ನನ್ನು ಬಿಟ್ಟು ಇನ್ನಾರು ಬರೆದಾರು? ಲೋಟ ಕೆಳಗಿಡುವ ಮೊದಲೇ ನನಗೆ ತಿಳಿದಿತ್ತು. ನಿನ್ನ ಪತ್ರ ಬರುವ ಮೊದಲೇ ತಿಳಿದಿತ್ತು.

ಈ ಕೆಲಸಕ್ಕೆ ನನ್ನನ್ನು ತೆಗೆದುಕೊಂಡ ಸಂದರ್ಶನದಲ್ಲಿ ಒಬ್ಬರು ಆ ಪದ್ಯವನ್ನು ಬಾಯಿಪಾಠ ಹೇಳಿ ಕಣ್ಣು ಒರೆಸಿಕೊಂಡರು. ಅಂಥ ಹೊತ್ತಿನಲ್ಲಿ ‘ಅಕ್ಕ ಚೆನ್ನಾಗಿದ್ದಾಳೆ, ಬಿಸ್ಕತ್ತು ಪ್ಯಾಕ್ ಮಾಡುತ್ತಿದ್ದಾಳೆ’ ಎನ್ನಲು ಬಾಯಿ ಬರಲಿಲ್ಲ. ಸುಮ್ಮನಿದ್ದೆ. ನಾನು ಸುಮ್ಮನಿದ್ದಷ್ಟೂ ಅವರಿಗೆ ನನ್ನ ದುಃಖ ದೊಡ್ಡದಾಗಿ ಕಂಡಿತು. ಆಮೇಲೆ ಹೋದಲ್ಲೆಲ್ಲ ಆ ಕುರ್ಚಿ ನನ್ನ ಹಿಂದೆ ಬಂತು. ಮೂರು ಸಂಕಲನ ಬರೆದೆ, ಜನ ಕೇಳುವುದು ಅದೊಂದನ್ನೇ.

ಈಗ ಬೀಳ್ಕೊಡುಗೆಯ ಸಭೆಯಲ್ಲಿ ವೇದಿಕೆಯ ಮೇಲೆ ನನ್ನ ಎದುರಿಗೆ ಒಂದು ಖಾಲಿ ಕುರ್ಚಿ ಇಟ್ಟು, ಅದರ ಮೇಲೆ ಬಿಳಿ ಹೂ ಇಡುತ್ತಾರಂತೆ. ನಿನ್ನ ನೆನಪಿಗೆ. ಗ್ರಂಥದ ಹೆಸರೂ ‘ಖಾಲಿ ಕುರ್ಚಿ’. ಕಿರಿಯ ಮೇಷ್ಟರು ಮುರಿದ ಬಿಸ್ಕತ್ತಿನ ಮೇಲೆ ಉದ್ದನೆಯ ಲೇಖನ ಬರೆದಿದ್ದಾರೆ. ಇದನ್ನೆಲ್ಲ ಈಗ ಹೇಗೆ ನಿಲ್ಲಿಸುವುದು? ನನಗೆ ಭಯವಾಗುತ್ತಿದೆ, ಅಕ್ಕ. ನೀನೇ ಆ ದಿನ ಬಂದುಬಿಡುತ್ತೀಯಾ?

ಪುಟ್ಟ


ಆಗಸ್ಟ್ 14

ಪುಟ್ಟ,

ನೀನು ನಕ್ಕದ್ದಕ್ಕೆ ನೋವಾಯಿತು. ಬಹಳ ನೋವಾಯಿತು. ಅದನ್ನು ಬರೆದುಬಿಟ್ಟೆ, ಇನ್ನು ಮುಂದಕ್ಕೆ ಹೋಗೋಣ.

ನಾನು ಬರುವುದಿಲ್ಲ. ಬಂದು ಹೂವಿನ ಪಕ್ಕ ನಿಂತು ‘ಇಗೋ ನಾನೇ’ ಎನ್ನಲು ಇದು ನಾಟಕ ಕಂಪನಿಯಲ್ಲ. ಅಷ್ಟಕ್ಕೂ ಮಾತಾಡಬೇಕಾದದ್ದು ನಿನ್ನ ಬಾಯಿ, ನನ್ನ ಕಾಲುಗಳಲ್ಲ. ಚಿಕ್ಕಂದಿನಲ್ಲೂ ಹೀಗೇ. ಲೋಟ ಒಡೆದವನು ನೀನು, ಅಮ್ಮನ ಹತ್ತಿರ ಹೋಗಿ ಹೇಳಬೇಕಾದವಳು ನಾನು.

ಬಿಸ್ಕತ್ತಿನ ಮೇಲೆ ಉದ್ದನೆಯ ಲೇಖನ ಎಂದರೆ ಎಷ್ಟು ಪುಟ? ಓದಲು ಕಳಿಸು. ನಾವು ಪ್ಯಾಕ್ ಮಾಡಿದ ಕಾಲಕ್ಕೆ ಇಷ್ಟು ಮರ್ಯಾದೆ ಅದಕ್ಕೆ ಇರಲಿಲ್ಲ.

ಅಕ್ಕ


ಸೆಪ್ಟೆಂಬರ್ 21

ಅಕ್ಕ,

ಹೇಳಿದೆ.

ಪರೀಕ್ಷಾ ಮಂಡಳಿಯವರು ಪ್ರತಿ ವರ್ಷ ‘ನನ್ನ ಹತ್ತಿರದ ಸಂಬಂಧಿಕರು ಯಾರೂ ಈ ಪರೀಕ್ಷೆಗೆ ಕೂತಿಲ್ಲ’ ಎಂದು ಬರೆದುಕೊಡಬೇಕು. ಈ ವರ್ಷವೂ ಕೊಟ್ಟಿದ್ದೆ. ಅದು ತಪ್ಪು, ನನ್ನ ಅಕ್ಕ ಕೂತಿದ್ದಾರೆ, ಆದ್ದರಿಂದ ಅಧ್ಯಕ್ಷ ಸ್ಥಾನ ಬಿಡುತ್ತೇನೆ ಎಂದು ಕುಲಸಚಿವರಿಗೆ ಬರೆದೆ. ಅವರು ಕರೆಸಿದರು.

“ಯಾವ ಅಕ್ಕ ಸಾರ್? ಆ ಅಕ್ಕನಾ?”

“ಅದೇ ಅಕ್ಕ.”

“ಅವ್ರು ತೀರ್ಕೊಂಡಿದ್ರಲ್ವಾ?”

“ಇಲ್ಲ, ಫೇಲಾಗಿದಾರೆ.”

ಅವರು ನಗಲಿಲ್ಲ, ಫೈಲಿನಲ್ಲಿ ಬರೆದುಕೊಂಡರು. ನಿನ್ನ ಉತ್ತರಪತ್ರಿಕೆ ಹೊರಗಿನ ಪರೀಕ್ಷಕರಿಗೆ ಹೋಗುತ್ತದೆ. ಅದರಲ್ಲಿ ನನ್ನ ಕೈ ಇರುವುದಿಲ್ಲ.

ಸಭೆಯಲ್ಲೂ ಹೇಳಿದೆ. ಕುರ್ಚಿ, ಹೂ ಎಲ್ಲ ಇಟ್ಟಾಗಿತ್ತು. ಅಕ್ಕ ಇದ್ದಾಳೆ, ಶಾಲೆ ಬಿಟ್ಟು ದುಡಿದು ನನ್ನನ್ನು ಓದಿಸಿದಳು, ಇಷ್ಟು ವರ್ಷ ನಾನು ಸುಮ್ಮನಿದ್ದೆ ಎಂದೆ. ಕಿರಿಯ ಮೇಷ್ಟರು ನನ್ನ ಹತ್ತಿರ ಬಗ್ಗಿ, “ಈಗ ಈ ಕುರ್ಚಿ ಏನ್ ಮಾಡೋದು ಸಾರ್?” ಎಂದರು. ಅಷ್ಟರಲ್ಲಿ ತಡವಾಗಿ ಬಂದ ಅತಿಥಿಯೊಬ್ಬರು ಹೂ ಪಕ್ಕಕ್ಕಿಟ್ಟು ಅದರಲ್ಲೇ ಕೂತರು. ಆ ಪ್ರಶ್ನೆ ಬಗೆಹರಿಯಿತು.

ಇನ್ನೊಂದು ಬಗೆಹರಿಯಲಿಲ್ಲ. ಸಭೆ ಮುಗಿದ ಮೇಲೆ ವಯಸ್ಸಾದ ಹೆಂಗಸೊಬ್ಬರು ಮೆಟ್ಟಿಲ ಹತ್ತಿರ ನನ್ನನ್ನು ನಿಲ್ಲಿಸಿದರು. “ನನ್ನ ತಂಗಿ ಹೋದಾಗ ನಿಮ್ಮ ಪದ್ಯ ಓದ್ಕೊಂಡೇ ದಿನ ಕಳೆದೆ. ಈಗ ಹೀಗಂತೀರಲ್ಲ” ಎಂದರು. ಸಿಟ್ಟಿನಿಂದ ಅನ್ನಲಿಲ್ಲ. ನಾನು ಕೈ ಮುಗಿದು ಕಾರು ಹತ್ತಿದೆ.

ಪುಟ್ಟ


ಅಕ್ಟೋಬರ್ 30

ಪುಟ್ಟ,

ಮರುಮೌಲ್ಯಮಾಪನ ಬಂತು. ಫೇಲು.

ಹೊಸಬರು ಸೊನ್ನೆ ಹೊಡೆದು ಎರಡು ಕೊಟ್ಟಿದ್ದಾರೆ, ಅಕ್ಷರ ದುಂಡಗಿದೆ ಎಂದಿರಬೇಕು. ಷರಾ ಹೀಗಿದೆ: “ಕವಿಯ ಅಕ್ಕ ಬದುಕಿರುವುದು ಈಗ ತಿಳಿದ ವಿಷಯ. ಆದರೆ ಅಭ್ಯರ್ಥಿ ಕವಿಯ ಮನೆಯ ಬಗ್ಗೆ ಬರೆದಿದ್ದಾರೆ, ಕವಿತೆಯ ಬಗ್ಗೆ ಒಂದು ವಾಕ್ಯವೂ ಇಲ್ಲ.”

ಎರಡು ದಿನ ಕುದ್ದೆ. ನಿನ್ನ ಭಾವ ಮನೆಯಲ್ಲಿ ಬೆಕ್ಕಿನ ಹಾಗೆ ಓಡಾಡಿದರು. ಮೂರನೇ ದಿನ ನನ್ನ ಉತ್ತರವನ್ನು ಮತ್ತೆ ಓದಿದೆ. ಪರೀಕ್ಷಕ ಸರಿ ಹೇಳಿದ್ದಾನೆ, ಪಾಪಿ. ಕಿಟಕಿಯಿಂದ ನಿನ್ನ ಪುಸ್ತಕ ತೆಗೆದು ಪದ್ಯವನ್ನೂ ಓದಿದೆ. ಈಗ ಕಿಟಕಿ ಮತ್ತೆ ಹೊಡೆದುಕೊಳ್ಳುತ್ತಿದೆ.

ಆ ಹೆಂಗಸಿಗೆ ನೀನು ಏನು ಹೇಳಬೇಕಿತ್ತೆಂದು ನನಗೂ ಗೊತ್ತಿಲ್ಲ. ಆದರೆ ಅದೇ ನನ್ನ ಪ್ರಶ್ನೆ. ಅವರ ತಂಗಿ ಹೋದಾಗ ನನ್ನ ಬಿಸ್ಕತ್ತು ಅವರಿಗೆ ಯಾಕೆ ಬೇಕಾಯಿತು? ಇನ್ನೂ ಒಂದು. ಪಾಳಿ ಮುಗಿಸಿ ನಾನು ಮನೆಗೇ ಬರುತ್ತಿದ್ದೆನಲ್ಲ. ಕುರ್ಚಿ ಖಾಲಿಯಾದದ್ದಕ್ಕೆ ನೀನು ಅಷ್ಟೊಂದು ಯಾಕೆ ಅತ್ತೆ?

ನೀನೀಗ ಮಂಡಳಿಯಲ್ಲಿಲ್ಲ, ಕೆಲಸವೂ ಇಲ್ಲ. ಪಾಠ ಹೇಳು. ಕವಿ ಬೇಡ, ಅವನ ಸಹವಾಸ ಸಾಕಾಗಿದೆ. ಮೇಷ್ಟರನ್ನು ಕಳಿಸು.

ಅಕ್ಕ


ನವೆಂಬರ್ 18

ಅಕ್ಕ,

ಪಾಠ ಎಂದೆಯಲ್ಲ, ಪ್ರಯತ್ನಿಸುತ್ತೇನೆ. ಇಷ್ಟು ವರ್ಷ ಪಾಠ ಹೇಳಿದರೂ ಈ ಪದ್ಯವನ್ನು ನಾನು ತರಗತಿಯಲ್ಲಿ ಮಾಡಿಲ್ಲ, ಬೇರೆಯವರಿಗೆ ಬಿಟ್ಟುಕೊಡುತ್ತಿದ್ದೆ.

ನಾವು ಓದುತ್ತಿದ್ದ ಮೇಜು ನೆನಪಿಗೆ ತಂದುಕೋ. ಪುಸ್ತಕ ನನ್ನ ಕಡೆ ತಿರುಗಿರುತ್ತಿತ್ತು, ನೀನು ತಲೆಕೆಳಗಾಗಿ ಓದುತ್ತಿದ್ದೆ, ಆದರೂ ನನಗಿಂತ ಮುಂದಿರುತ್ತಿದ್ದೆ. ನಾನು ತಪ್ಪು ಓದಿದರೆ ಬಾಯಲ್ಲಿ ಹೇಳುತ್ತಿರಲಿಲ್ಲ, ಮೇಜಿನ ಕೆಳಗೆ ಕಾಲಿಗೆ ಒದೆಯುತ್ತಿದ್ದೆ. ಮೀನಖಂಡದಲ್ಲಿ ನೀಲಿ ಗುರುತು ಇರುತ್ತಿತ್ತು. ನೀನು ಪಾಳಿಗೆ ಹೋದ ಮೊದಲ ವಾರ ನಾನು ಬೇಕೆಂದೇ ತಪ್ಪು ಓದಿ ಕಾಲು ಮುಂದೆ ಚಾಚುತ್ತಿದ್ದೆ. ಯಾರೂ ಒದೆಯಲಿಲ್ಲ.

ನೀನು ಮನೆಗೆ ಬರುತ್ತಿದ್ದೆ, ನಿಜ. ಬಟ್ಟೆಯಲ್ಲಿ ಸಕ್ಕರೆಯ ವಾಸನೆ, ಕಣ್ಣಲ್ಲಿ ನಿದ್ದೆ. ಬಿಸ್ಕತ್ತಿನ ಪೊಟ್ಟಣ ಮೇಜಿನ ಮೇಲಿಟ್ಟು, “ಓದಿದ್ಯಾ?” ಎಂದು ಕೇಳಿ ಮಲಗುತ್ತಿದ್ದೆ. ಏನು ಓದಿದೆ ಎಂದು ಒಂದು ದಿನವೂ ಕೇಳಲಿಲ್ಲ. ಪುಸ್ತಕದ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ನೋಡಿದರೆ ಸಂಕಟವಾಗುತ್ತಿತ್ತೇನೋ, ನಾನು ಕೇಳಲಿಲ್ಲ. ಬಂದವಳು ನನ್ನ ಅಕ್ಕ. ಆದರೆ ಎದುರಿಗೆ ಕೂತು ಒದೆಯುತ್ತಿದ್ದ ಆ ಹುಡುಗಿ ಹೋದವಳು ಮತ್ತೆ ಬರಲಿಲ್ಲ. ನಾನು ಅತ್ತದ್ದು ಅವಳಿಗಾಗಿ. ಅವಳು ಹೋದದ್ದು ನನಗೋಸ್ಕರ ಎಂದು ಗೊತ್ತಿದ್ದರಿಂದ ಇನ್ನಷ್ಟು ಅತ್ತೆ. ಯಾರೋ ಅದನ್ನು ಸಾವು ಎಂದಾಗ ಅಲ್ಲ ಎನ್ನಲು ನನ್ನ ಹತ್ತಿರ ಬೇರೆ ಪದ ಇರಲಿಲ್ಲ.

ಆ ಹೆಂಗಸಿನ ತಂಗಿಗೂ ಒಂದು ಕುರ್ಚಿ ಇದ್ದಿರಬೇಕು. ನಾನು ಅವರಿಗೆ ಇಷ್ಟನ್ನಾದರೂ ಹೇಳಬಹುದಿತ್ತು.

ಪಾಠ ಇಷ್ಟೇ. ಪರೀಕ್ಷೆಗೆ ಉಪಯೋಗವಿಲ್ಲದಿರಬಹುದು.

ಪುಟ್ಟ


ಜನವರಿ 9

ಅಕ್ಕ,

ನಿನ್ನಿಂದ ಪತ್ರವಿಲ್ಲ. ನಾನು ಬರೆದದ್ದು ಬರೆಯಬಾರದ ಮಾತಾಯಿತೇ? ಭಾವನಿಗೆ ಫೋನ್ ಮಾಡಿದೆ, “ಅವಳು ಬಾಗಿಲು ಹಾಕ್ಕೊಂಡಿದಾಳೆ, ನನ್ನ ಕೇಳ್ಬೇಡ” ಎಂದರು. ನಾನು ಹೊರಟು ಬರಲೇ?

ಪುಟ್ಟ


ಜನವರಿ 16

ಪುಟ್ಟ,

ಓದುತ್ತಿದ್ದೇನೆ. ತೊಂದರೆ ಕೊಡಬೇಡ.

ಅಕ್ಕ


ಜೂನ್ 11

ಪುಟ್ಟ,

ಈ ಸಲ ಸತ್ತೆ. ಚೆನ್ನಾಗಿಯೇ ಸತ್ತೆ. ಪಾಸಾದೆ.

ಪ್ರಶ್ನೆ ಕೇಳಿದವರು ಭಾರೀ ಹುಷಾರಿನವರು. ನೀನು ಸಭೆಯಲ್ಲಿ ಹೇಳಿದ್ದು ಪೇಪರಿನಲ್ಲಿ ಬಂದಿತ್ತಲ್ಲ, ಅದಕ್ಕೇ ಪ್ರಶ್ನೆಯನ್ನು ತಿದ್ದಿದ್ದಾರೆ. “‘ಎದುರಿನ ಕುರ್ಚಿ’ ಕವಿತೆ ಸಾವನ್ನು ಕುರಿತದ್ದೇ? ಚರ್ಚಿಸಿ.” ನನ್ನ ಸುತ್ತ ಇದ್ದ ಮಕ್ಕಳೆಲ್ಲ ಅಲ್ಲ, ಅಲ್ಲ, ಕವಿಯ ಅಕ್ಕ ಬದುಕಿದ್ದಾರೆ ಎಂದು ಬರೆದು ಬಂದವು. ಹೊರಗೆ ಬಂದು ಹೇಳಿಕೊಳ್ಳುತ್ತಿದ್ದವು. ನಾನೊಬ್ಬಳೇ ಹೌದು ಎಂದು ಬರೆದೆ.

ಬರೆಯುವ ಮುಂಚೆ ಪ್ರಶ್ನೆಯನ್ನು ಇನ್ನೊಂದು ಸಲ ಓದಿದೆ. ಕುರ್ಚಿ ಅಲ್ಲಾಡುತ್ತಿತ್ತು, ಒಂದು ಕಾಲು ಗಿಡ್ಡ. ಯಾಕೋ ಡೆಸ್ಕಿನ ಕೆಳಗೆ ಕಾಲು ಚಾಚಿದೆ. ಎದುರಿಗೆ ಗೋಡೆ ಬಿಟ್ಟು ಏನೂ ಸಿಗಲಿಲ್ಲ. ಆಗ ಅಳು ಬಂತು, ಪುಟ್ಟ. ಶಾಲೆ ಬಿಟ್ಟ ದಿನ ನಾನು ಅತ್ತಿರಲಿಲ್ಲ. ಅಮ್ಮ ನೋಡುತ್ತಾಳೆ, ನೀನು ನೋಡುತ್ತೀಯ ಎಂದು ಅತ್ತಿರಲಿಲ್ಲ, ಆಮೇಲೆ ಪಾಳಿಗೆ ಹೊತ್ತಾಗಿತ್ತು. ಮೇಲ್ವಿಚಾರಕಿ ಹುಡುಗಿ ಬಂದು, “ಪ್ರಶ್ನೆ ಕಷ್ಟ ಇದೆಯಾ ಅಜ್ಜಿ?” ಎಂದಳು. ಸುಲಭ ಇದೆಯಮ್ಮ ಎಂದೆ.

ಕಣ್ಣು ಒರೆಸಿಕೊಂಡು ಬರೆದೆ. ಆ ಪದ್ಯದ ಹುಡುಗಿಗೆ ಓದಿನ ಹುಚ್ಚಿತ್ತು, ಅವಳು ಹೋದಳು, ಅವಳ ಹೆಸರಿನಲ್ಲಿ ಇನ್ನೊಬ್ಬಳು ಬದುಕಿದಳು, ಕವಿ ಇಬ್ಬರಲ್ಲಿ ಒಬ್ಬಳಿಗಾಗಿ ಅತ್ತು ಇನ್ನೊಬ್ಬಳನ್ನು ಮರೆತ ಎಂದು ಬರೆದೆ. ಕೊನೆಯ ಮಾತು ನಿನಗೆ ಹಿಡಿಸಲಿಕ್ಕಿಲ್ಲ, ಆದರೆ ಪರೀಕ್ಷಕರಿಗೆ ಹಿಡಿಸಿದೆ. ಆ ಪ್ರಶ್ನೆಗೆ ತುಂಬು ಅಂಕ ಬಂದಿದೆ. ಈ ಸಲವೂ ನಕಲು ತರಿಸಿ ನೋಡಿದೆ, ಷರಾ ಇಲ್ಲ. ನಿನ್ನ ಭಾವ ಅದನ್ನು ಕನ್ನಡಕ ಹಾಕಿಕೊಂಡು ಓದಿ, “ಹೋದೋಳೇ ವಾಸಿ ಇದ್ಲು ಅನ್ಸುತ್ತೆ” ಎಂದರು. ಪೊರಕೆ ಕೈಗೆ ಸಿಗಲಿಲ್ಲ, ಬಚಾವಾದರು.

ಮುಂದಿನ ತಿಂಗಳು ಪದವಿ ಪ್ರದಾನ. ಕಪ್ಪು ಗೌನು ಕೊಡುತ್ತಾರಂತೆ, ನನಗೆ ಉದ್ದವಾದೀತು, ಪಿನ್ನು ಹಾಕಿಕೊಳ್ಳುತ್ತೇನೆ. ಗೇಟಿನ ಹತ್ತಿರ ಬಂದು ನಿಂತಿರು, ಒಳಗಿನ ದಾರಿ ನನಗೆ ಗೊತ್ತಿಲ್ಲ. ಮನೆಯವರಿಗೆ ಎಂದು ಎರಡು ಕುರ್ಚಿ ಕೊಡುತ್ತಾರೆ. ಒಂದು ನಿನ್ನ ಭಾವನಿಗೆ. ಇನ್ನೊಂದರಲ್ಲಿ ಯಾರನ್ನೂ ಕೂರಿಸಬೇಡಿ ಎಂದು ಬರೆದುಕೊಟ್ಟಿದ್ದೇನೆ.

ನೀನು ಬರದೆ ಅದು ಖಾಲಿ ಉಳಿದರೆ ನಾನೂ ಒಂದು ಪದ್ಯ ಬರೆಯುತ್ತೇನೆ. ಈಗ ನಾನೂ ಬಿ.ಎ., ಜನ ನಂಬುತ್ತಾರೆ.

ನಿನ್ನ ಅಕ್ಕ